ಮನೆತನದ ಕಾಯಿಲೆಗಳ ಹಾಳೆ: ಮಗುವಿನ ಡಾಕ್ಟರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು

ಮಕ್ಕಳ ಡಾಕ್ಟರ ಎದುರು ಕೂತಾಗ ಬರುವ ಪ್ರಶ್ನೆ ಒಂದೇ ಸಾಲಿನದು: "ಮನೆಯಲ್ಲಿ ಯಾರಿಗಾದರೂ ಏನಾದರೂ ಕಾಯಿಲೆ ಇದೆಯಾ?" ಉತ್ತರವೂ ಅಷ್ಟೇ ಚುಟುಕು: "ಇಲ್ಲ ಡಾಕ್ಟ್ರೇ, ಎಲ್ಲರೂ ಆರಾಮಾಗಿದ್ದಾರೆ." ಆಮೇಲೆ ಔಷಧಿ ಅಂಗಡಿಯ ಮುಂದೆ ನಿಂತಾಗ ಅಜ್ಜಿಗೆ ನೆನಪಾಗುತ್ತದೆ: "ನಿನ್ನ ದೊಡ್ಡ ಮಾವಂಗೂ ಚಿಕ್ಕವನಿದ್ದಾಗ ಹಲ್ಲು ಬಿದ್ರೆ ಎರಡು ದಿನ ರಕ್ತ ನಿಲ್ತಿರಲಿಲ್ಲ ಕಣೇ." ಇದೇ ಮಾತು ಒಳಗೆ ಬಂದಿದ್ದರೆ ಅವತ್ತಿನ ಚೀಟಿಯೇ ಬೇರೆಯಾಗುತ್ತಿತ್ತು.

ತಪ್ಪು ಅಜ್ಜಿಯದೂ ಅಲ್ಲ, ತಾಯಿಯದೂ ಅಲ್ಲ. ಅಳುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮೂರು ತಲೆಮಾರಿನ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಹಾಗಾಗಿ ಈ ಲೆಕ್ಕವನ್ನು ಮನೆಯಲ್ಲಿ ನಿಧಾನವಾಗಿ ಬರೆದಿಟ್ಟುಕೊಳ್ಳಬೇಕು, ಬೇಕಾದ ಗಳಿಗೆಯಲ್ಲಿ ಡಾಕ್ಟರ ಮೇಜಿನ ಮೇಲಿಡಬೇಕು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಬಿಸಿಜಿ (ಹುಟ್ಟಿದಾಗ ಹಾಕುವ ಟಿಬಿ ಲಸಿಕೆ) ಹಾಕಿದ ಮೇಲೆ, ಆಪರೇಷನ್ ಮುಗಿದ ಮೇಲೆ ಹೇಳಿದ ಮಾತಿಗೆ ಅರ್ಧ ಬೆಲೆ.

ಹೆಜ್ಜೆ 1: ಮೊದಲು ಚಿತ್ರ, ಆಮೇಲೆ ಬರಹ

ಒಂದು ಎ4 ಹಾಳೆ ಅಡ್ಡಲಾಗಿಟ್ಟುಕೊಳ್ಳಿ, ಪೆನ್ಸಿಲ್ ಸಾಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕೆಳಗಿನ ಸಾಲಿನಲ್ಲಿ ಮಗು ಮತ್ತು ಅದರ ಒಡಹುಟ್ಟಿದವರು, ಅದರ ಮೇಲೆ ತಂದೆ ತಾಯಿ ಮತ್ತು ಅವರ ಒಡಹುಟ್ಟಿದವರು, ಎಲ್ಲಕ್ಕಿಂತ ಮೇಲೆ ನಾಲ್ವರು ಅಜ್ಜ ಅಜ್ಜಿಯರು. ತೀರಿಕೊಂಡವರ ಗುರುತಿನ ಮೇಲೆ ಓರೆಗೆರೆ. ಕಾಯಿಲೆ ಇದ್ದವರದು ತುಂಬಿದ ಗುರುತು. ಗರ್ಭಪಾತಕ್ಕೆ ಚಿಕ್ಕ ತ್ರಿಕೋನ. ಹುಟ್ಟಿ ಹತ್ತೇ ದಿನಕ್ಕೆ ಹೋದ ಕೂಸಿಗೂ ಒಂದು ಗುರುತು ಬೇಕು. ಹೆಸರಿಡುವ ಮುಂಚೆ ಹೋಯಿತೆಂದು ನಮ್ಮ ಮನೆಗಳಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ವೈದ್ಯರಿಗೆ ಬೇಕಾಗಿರುವುದು ಹೆಚ್ಚಾಗಿ ಅದೇ.

ಸೋದರಿಕೆಯಲ್ಲಿ ಮದುವೆಯಾಗಿದ್ದರೆ ಗಂಡ ಹೆಂಡಿರ ನಡುವೆ ಜೋಡಿಗೆರೆ ಎಳೆಯಿರಿ. ಇದನ್ನು ಮುಚ್ಚಿಡುವುದರಿಂದ ನಷ್ಟ ಮಗುವಿಗೇ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ನಾಲ್ಕನೇ ಒಂದು ಭಾಗ ಸಮಾನ. ಸೋದರತ್ತೆ ಅಥವಾ ಸೋದರಮಾವನ ಮಕ್ಕಳ ನಡುವೆ ಎಂಟನೇ ಒಂದು ಭಾಗ. ಯಾವ ದಂಪತಿಯ ಮಗುವಿಗೇ ಆಗಲಿ ಗಂಭೀರ ಜನ್ಮದೋಷ ಇರುವ ಸಾಧ್ಯತೆ ನೂರಕ್ಕೆ ಎರಡು ಮೂರು. ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಇಮ್ಮಡಿ. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಹೆದರುವುದು ಬೇಡ, ಹೇಳದೆ ಇರುವುದೂ ಬೇಡ.

ಇಲ್ಲಿ ಕನ್ನಡದ ಸಂಬಂಧವಾಚಕಗಳು ಒಂದು ಕಡೆ ನೆರವಾಗುತ್ತವೆ, ಇನ್ನೊಂದು ಕಡೆ ಕಾಲೆಳೆಯುತ್ತವೆ. "ಅಂಕಲ್‌ಗೆ ಹಾರ್ಟ್ ಪ್ರಾಬ್ಲಂ" ಅಂದರೆ ಯಾವ ಕಡೆಯವರೆಂದೇ ತಿಳಿಯದು. ಹಾಗಂತ "ಮಾವ" ಅಂದರೂ ಸಾಲದು. ತಾಯಿಯ ಅಣ್ಣ ತಮ್ಮಂದಿರೂ ಮಾವ, ಅತ್ತೆಯ ಗಂಡನೂ ಮಾವ, ಗಂಡನ ಅಪ್ಪನೂ ಮಾವ. "ಚಿಕ್ಕಪ್ಪ" ಅಂದರೆ ಅಪ್ಪನ ತಮ್ಮನಿರಬಹುದು, ಚಿಕ್ಕಮ್ಮನ ಗಂಡನೂ ಇರಬಹುದು. ಮೊದಲನೆಯವನದು ರಕ್ತಸಂಬಂಧ, ಎರಡನೆಯವನ ಸಕ್ಕರೆ ಕಾಯಿಲೆಗೂ ನಿಮ್ಮ ಮಗುವಿಗೂ ಸಂಬಂಧವಿಲ್ಲ. ಆದ್ದರಿಂದ ಹಾಳೆಯಲ್ಲಿ "ತಾಯಿಯ ಒಡಹುಟ್ಟಿದ ತಮ್ಮ", "ತಂದೆಯ ಒಡಹುಟ್ಟಿದ ಅಕ್ಕ" ಎಂದೇ ಬಿಡಿಸಿ ಬರೆಯಿರಿ. ಅಕ್ಕನ ಮಗಳನ್ನು ತಂದ ಮನೆಯಲ್ಲಿ ಮಗುವಿನ ಸೋದರತ್ತೆಯೂ ತಾಯಿಯ ತಾಯಿಯೂ ಒಬ್ಬಳೇ ಆಗಿರುತ್ತಾಳೆ. ಅವಳಿಗೆ ಒಂದೇ ವೃತ್ತ, ಎರಡು ಕಡೆಯಿಂದ ಗೆರೆ.

ಹೆಜ್ಜೆ 2: ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

ಎರಡೂ ಕಡೆಯ ಹಿರಿಯ ಹೆಂಗಸರನ್ನು ಕೇಳಿ. ಯಾರ ಬಾಣಂತನ ಹೇಗಾಯಿತು, ಯಾವ ಕೂಸು ಎಷ್ಟು ದಿನ ಇತ್ತು ಎಂಬ ಲೆಕ್ಕ ಅವರ ಹತ್ತಿರವೇ ಇರುವುದು. ನಾಮಕರಣದ ಗದ್ದಲದಲ್ಲಿ ಕೇಳಬೇಡಿ, ನಾಲ್ಕು ಜನರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಹಬ್ಬದ ಮಾರನೇ ದಿನ, ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಾಗ ಹೊರಡುವ ಮಾತು ಆಸ್ಪತ್ರೆಯಲ್ಲಿ ಹೊರಡದು. ಗಂಡನ ಕಡೆಯ ವಿಚಾರವನ್ನು ಗಂಡನೇ ಕೇಳಲಿ. ಸೊಸೆ ಕೇಳಿದರೆ "ನಮ್ಮ ವಂಶಕ್ಕೆ ಕೊಂಕು ಹುಡುಕ್ತಾಳೆ" ಎಂಬ ಮಾತು ಬರುತ್ತದೆ.

"ಕಾಯಿಲೆ ಇದೆಯಾ?" ಎಂದು ಕೇಳಬೇಡಿ. ಇಪ್ಪತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುವವರೂ ಇಲ್ಲವೆನ್ನುತ್ತಾರೆ, ಮಾತ್ರೆ ಇರುವಾಗ ಅದು ಕಾಯಿಲೆಯಲ್ಲ ಎಂದು ಅವರ ಲೆಕ್ಕ. ಬದಲಿಗೆ ಹೀಗೆ ಕೇಳಿ: ದಿನಾ ಯಾವ ಮಾತ್ರೆ ತಗೋತೀರಿ? ಆಸ್ಪತ್ರೆಯಲ್ಲಿ ಯಾವತ್ತಾದರೂ ಮಲಗಿದ್ದಿರಾ, ಏತಕ್ಕೆ? ಆಪರೇಷನ್ ಆಗಿದೆಯಾ, ಎಚ್ಚರ ಬರಲು ತಡವಾಯಿತಾ? ಯಾರಾದರೂ ಐವತ್ತರೊಳಗೆ ತೀರಿಕೊಂಡರಾ? ಮಾತು ಬಾರದವರು, ಕಿವಿ ಕೇಳದವರು, ನಡೆಯಲಾರದವರು ಇದ್ದರಾ? ಹುಟ್ಟಿ ಒಂದು ವರ್ಷದೊಳಗೆ ಹೋದ ಕೂಸುಗಳು ಎಷ್ಟು? ಮಾತ್ರೆಯ ಪಟ್ಟಿ ಸಿಕ್ಕರೆ ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ಡಿಸ್ಚಾರ್ಜ್ ಸಮ್ಮರಿ ಸಿಕ್ಕರಂತೂ ಬಿಡಬೇಡಿ. ಗೋದ್ರೇಜ್ ಬೀರುವಿನ ತಳದಲ್ಲಿ, ಆಸ್ತಿ ಪತ್ರಗಳ ಜೊತೆ ಅದು ಇದ್ದೇ ಇರುತ್ತದೆ.

ಪ್ರತಿ ಕಾಯಿಲೆಗೂ ಶುರುವಾದ ವಯಸ್ಸನ್ನು ಬರೆದುಕೊಳ್ಳಿ. "ತಾತನಿಗೆ ಹಾರ್ಟ್ ತೊಂದರೆ" ಎಂಬ ಸಾಲಿನಿಂದ ವೈದ್ಯರಿಗೆ ಏನೂ ಸಿಗದು. "ತಾಯಿಯ ತಂದೆ: 48ಕ್ಕೆ ಹೃದಯಾಘಾತ, ಸ್ಟೆಂಟ್, 61ಕ್ಕೆ ನಿಧನ, ಬೀಡಿ ಸೇದುತ್ತಿದ್ದರು" ಎಂಬ ಸಾಲಿನಿಂದ ಮಗುವಿನ ಕೊಲೆಸ್ಟ್ರಾಲ್ ಯಾವಾಗ ನೋಡಬೇಕೆಂಬುದೇ ತೀರ್ಮಾನವಾಗುತ್ತದೆ. 78ಕ್ಕೆ ಬಂದ ಹೃದಯಾಘಾತವಾದರೆ ಮಗುವಿನ ಮಟ್ಟಿಗೆ ಅದು ಬಹುತೇಕ ಸುದ್ದಿಯಲ್ಲ.

ಹೆಜ್ಜೆ 3: ಊರಿನ ಹೆಸರುಗಳನ್ನು ಬಿಡಿಸಿ

ಅತಿ ಹೆಚ್ಚು ಎಡವುವುದು ಇಲ್ಲಿ. ಮನೆಯವರು ಕಾಯಿಲೆಗೆ ಇಟ್ಟ ಹೆಸರು ಬಹಳ ಸಲ ಕಾಯಿಲೆಯ ಹೆಸರೇ ಆಗಿರುವುದಿಲ್ಲ.

"ಪೋಲಿಯೋ" ತೆಗೆದುಕೊಳ್ಳಿ. ತಾಯಿಯ ತಮ್ಮನಿಗೆ ಪೋಲಿಯೋ ಇತ್ತು ಅನ್ನುತ್ತಾರೆ. ಒಂದು ಜ್ವರ ಬಂದು ಒಂದು ಕಾಲು ಬಿದ್ದುಹೋಗಿ, ಆಮೇಲೆ ಹೆಚ್ಚಾಗದೆ ಹಾಗೇ ಉಳಿದಿದ್ದರೆ ಅದು ಪೋಲಿಯೋ ಇದ್ದೀತು. ಆದರೆ ನಾಲ್ಕೈದು ವರ್ಷದ ತನಕ ನಡೆಯುತ್ತಿದ್ದ ಹುಡುಗ, ಆಮೇಲೆ ಪದೇ ಪದೇ ಬೀಳುತ್ತ, ನೆಲದಿಂದ ಏಳುವಾಗ ಕೈಯನ್ನು ಮೊಣಕಾಲು ತೊಡೆಗಳ ಮೇಲೆ ಊರಿಕೊಂಡು ಏಳುತ್ತ, ಮೀನಖಂಡ ಮಾತ್ರ ದಪ್ಪಗಾಗಿ, ಹನ್ನೆರಡರ ಹೊತ್ತಿಗೆ ಕೂತಲ್ಲೇ ಉಳಿದಿದ್ದರೆ ಅದು ಡ್ಯುಶೆನ್ ಸ್ನಾಯುಕ್ಷಯದ ಲಕ್ಷಣ. ಆಗ ನಿಮ್ಮ ಮಗನ ಸಿಪಿಕೆ (ಸ್ನಾಯು ಹಾಳಾದಾಗ ರಕ್ತದಲ್ಲಿ ಏರುವ ಕಿಣ್ವ) ರಕ್ತಪರೀಕ್ಷೆ ಆಗಬೇಕು. ಈ ಕಾಯಿಲೆಯಲ್ಲಿ ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿಯೂ ಏರಿರುತ್ತವೆ. ಅವು ಸ್ನಾಯುವಿನಿಂದಲೂ ಬರುತ್ತವೆ ಎಂಬುದು ಮರೆತರೆ ಮಗುವಿಗೆ ಲಿವರ್ ತೊಂದರೆ ಎಂದು ತಿಂಗಳುಗಟ್ಟಲೆ ಅಲೆದಾಟ.

"ಬಾಲಗ್ರಹ" ಅಂದರೆ ಫಿಟ್ಸ್ ಇರಬಹುದು, ಕೂಸು ಒಣಗುತ್ತ ಹೋದದ್ದೂ ಇರಬಹುದು. ನೋಡಿದವರನ್ನೇ ಕೇಳಿ: ಜ್ವರ ಇತ್ತೇ, ಕಣ್ಣು ಮೇಲೆ ಹೋಯಿತೇ, ಎಷ್ಟು ಹೊತ್ತು? ಆರು ತಿಂಗಳಿಂದ ಐದು ವರ್ಷದೊಳಗೆ ಜ್ವರದ ಜೊತೆ ಬರುವ ಫಿಟ್ಸ್ ಮನೆತನದಲ್ಲಿ ಓಡುವಂಥದ್ದು, ಸಾಮಾನ್ಯವಾಗಿ ಅಪಾಯವಿಲ್ಲದ್ದು. "ಗೂರಲು" ಆಸ್ತಮಾ ಇರಬಹುದು, ಕ್ಷಯವೂ ಇರಬಹುದು. "ಕಾಮಾಲೆಗೆ ನಾಟಿ ಔಷಧಿ ಹಾಕಿಸಿದೆವು, ಆದರೂ ಆಗಾಗ ಕಣ್ಣು ಹಳದಿ" ಅಂದರೆ ರಕ್ತಕಣ ಒಡೆಯುವ ಕಾಯಿಲೆಯ ಕಡೆ ಯೋಚಿಸಬೇಕು, ವಿಶೇಷವಾಗಿ ಆ ವ್ಯಕ್ತಿಗೆ ಗುಲ್ಮ (ಸ್ಪ್ಲೀನ್) ಅಥವಾ ಪಿತ್ತಕೋಶ ತೆಗೆಸಿದ್ದರೆ.

ಇನ್ನೊಂದು "ಪುಣ್ಯದ ಸಾವು". ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಎಂಬತ್ತಕ್ಕೆ ಹೋದರೆ ಪುಣ್ಯವೇ. ಮೂವತ್ತೆಂಟಕ್ಕೆ ಹೋದರೆ ಮಗುವಿನ ಇಸಿಜಿ ಆಗಬೇಕು. ಚೆನ್ನಾಗಿ ಈಜು ಬರುತ್ತಿದ್ದ ಹುಡುಗ ಕೆರೆಯಲ್ಲಿ ಮುಳುಗಿದ್ದು, ಓಡುವಾಗ ಕುಸಿದವನು ಏಳದಿದ್ದದ್ದು, ಇವೂ ಅದೇ ಸಾಲಿಗೆ ಸೇರುತ್ತವೆ.

ಹೆಜ್ಜೆ 4: ಚಿತ್ರದಲ್ಲಿ ಏನು ಕಾಣುತ್ತದೆ

ಪ್ರತಿ ತಲೆಮಾರಿನಲ್ಲೂ ಒಬ್ಬರು ತುಂಬಿದ ಗುರುತಾಗಿದ್ದು, ಕಾಯಿಲೆ ಇರುವವರ ಮಕ್ಕಳಿಗೇ ಅದು ಇಳಿಯುತ್ತಿದ್ದರೆ ಒಂದೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವಂಶದಲ್ಲಿ ಬರುವ ಅತಿ ಕೊಲೆಸ್ಟ್ರಾಲ್ ಈ ಜಾತಿಯದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದು, ಸೊಂಟದ ಕೀಲುಗಳನ್ನು ಸವೆಸುವ ಹಂದಿಗೋಡು ಕಾಯಿಲೆಯೂ ಹೀಗೆಯೇ ಇಳಿಯುತ್ತದೆ.

ತಂದೆ ತಾಯಿ ಇಬ್ಬರೂ ಗಟ್ಟಿಮುಟ್ಟು, ಆದರೆ ಮಕ್ಕಳಲ್ಲಿ ಒಬ್ಬಿಬ್ಬರಿಗೆ ಮಾತ್ರ ಕಾಯಿಲೆ, ಮೇಲೆ ಜೋಡಿಗೆರೆ ಎಂದಾದರೆ ಇಬ್ಬರೂ ಒಂದೇ ದೋಷದ ವಾಹಕರು, ಅಂದರೆ ತಮಗೆ ಕಾಯಿಲೆಯಿಲ್ಲದೆ ದೋಷವನ್ನು ಹೊತ್ತವರು ಇರಬಹುದು. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. "ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ" ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿ ಕವಡೆ ಎಸೆದ ಹಾಗೆ.

ಗಂಡು ಹುಡುಗರಿಗೆ ಮಾತ್ರ, ಅದೂ ತಾಯಿಯ ಕಡೆಯಿಂದ ಬಂದಿದ್ದರೆ ಕಣ್ಣು ಸೋದರಮಾವನ ಮೇಲಿರಲಿ, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳ ಮೇಲಿರಲಿ. ರಕ್ತ ಬೇಗ ಹೆಪ್ಪುಗಟ್ಟದ, ಕುಸುಮರೋಗ ಎಂದು ಕರೆಯುವ ಹಿಮೋಫಿಲಿಯಾ, ಡ್ಯುಶೆನ್, ಜಿ6ಪಿಡಿ (ಕೆಂಪುಕಣ ಒಡೆಯದಂತೆ ಕಾಯುವ ಕಿಣ್ವ) ಕೊರತೆ ಇವೆಲ್ಲ ಹೀಗೆ ಬರುತ್ತವೆ. ಹಾಗಂತ ಮನೆತನದಲ್ಲಿ ಯಾರಿಗೂ ಇಲ್ಲದ್ದರಿಂದ ನಿಮ್ಮ ಮಗನಿಗೂ ಇರದು ಎನ್ನುವಂತಿಲ್ಲ. ಹಿಮೋಫಿಲಿಯಾದಲ್ಲಿ ಸುಮಾರು ಮೂರರಲ್ಲಿ ಒಂದು ಪ್ರಕರಣ ಹೊಸದಾಗಿಯೇ ಹುಟ್ಟಿಕೊಳ್ಳುತ್ತದೆ.

ಹೆಜ್ಜೆ 5: ಹೇಳಬೇಕಾದ ಗಳಿಗೆಗಳು

ಬಸಿರು. ತಾಯಿ ಕಾರ್ಡ್ ಮಾಡಿಸುವ ದಿನವೇ ಹಾಳೆ ಜೊತೆಗಿರಲಿ. ಆ ದಿನದ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲಿ ಹಿಮೋಗ್ಲೋಬಿನ್ ಜೊತೆಗೆ ಎಂಸಿವಿ (ಕೆಂಪುಕಣದ ಗಾತ್ರ), ಎಂಸಿಎಚ್ (ಒಂದೊಂದು ಕಣದಲ್ಲಿರುವ ಹಿಮೋಗ್ಲೋಬಿನ್) ಎಂಬ ಎರಡು ಸಾಲು ನೋಡಿ. ಎಂಸಿವಿ 80ಕ್ಕಿಂತ, ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆಯೋ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶದ ಕಾಯಿಲೆ) ವಾಹಕತ್ವವೋ ಎಂದು ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬಿಡಿಸಿ ಅಳೆಯುವ ಪರೀಕ್ಷೆ ಮಾಡಿಸಿ ತಿಳಿಯಬೇಕು. ಅದರಲ್ಲಿ ಎಚ್‌ಬಿಎ2 ಎಂಬ ಬಗೆ ಶೇಕಡಾ 3.5 ದಾಟಿದರೆ ವಾಹಕತ್ವದ ಸೂಚನೆ, ತಕ್ಷಣ ಗಂಡನ ರಕ್ತ ನೋಡಬೇಕು. ಇಬ್ಬರೂ ವಾಹಕರಾಗಿದ್ದರೆ 11ರಿಂದ 13ನೇ ವಾರದಲ್ಲಿ ಮಾಸಿನ ಅಂಶ ತೆಗೆದು ಭ್ರೂಣದ ಪರೀಕ್ಷೆ ಸಾಧ್ಯ. ನೋಂದಾಯಿತ ಕೇಂದ್ರದಲ್ಲಿ ಇದು ಕಾನೂನುಬದ್ಧ, ಲಿಂಗ ಮಾತ್ರ ಹೇಳುವಂತಿಲ್ಲ. ಏಳನೇ ತಿಂಗಳ ಸೀಮಂತ ಮುಗಿಸಿ ಬಂದರೆ ಈ ಅವಕಾಶ ಕೈತಪ್ಪಿರುತ್ತದೆ. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ, ಯರವ ಕುಟುಂಬಗಳು ಇದೇ ಎಚ್‌ಪಿಎಲ್‌ಸಿಯಲ್ಲಿ ಕುಡಗೋಲು ಕಣದ (ಸಿಕಲ್ ಸೆಲ್) ರಕ್ತಹೀನತೆಯನ್ನೂ ನೋಡಿಸಬೇಕು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಡಿ ಬುಡಕಟ್ಟು ಪ್ರದೇಶಗಳಲ್ಲಿ ಈ ತಪಾಸಣೆ ನಡೆಯುತ್ತಿದೆ.

ಹುಟ್ಟಿದ ದಿನ. ಹಿಂದಿನ ಮಗುವೋ ತಾಯಿಯ ತಮ್ಮನೋ ಒಂದು ವರ್ಷದೊಳಗೆ ಮೇಲಿಂದ ಮೇಲೆ ನ್ಯುಮೋನಿಯಾ, ಭೇದಿ, ಬಾಯಿಹುಣ್ಣಿನಿಂದ ತೀರಿಕೊಂಡಿದ್ದರೆ ಬಿಸಿಜಿಗೆ ಮೊದಲೇ ಹೇಳಿ. ರೋಗನಿರೋಧಕ ಶಕ್ತಿಯೇ ಇಲ್ಲದ ಜನ್ಮಜಾತ ಕಾಯಿಲೆ ಇದ್ದರೆ ಬಿಸಿಜಿ, ಪೋಲಿಯೋ ಹನಿ, ರೋಟಾ ಹನಿಯಂಥ ಜೀವಂತ ಲಸಿಕೆಗಳೇ ಮಗುವಿಗೆ ಕುತ್ತಾಗುತ್ತವೆ. ಒಂದು ಸಿಬಿಸಿಯಲ್ಲಿ ಲಿಂಫೋಸೈಟ್ (ಸೋಂಕಿನೊಡನೆ ಹೋರಾಡುವ ಬಿಳಿಕಣ) ಸಂಖ್ಯೆ ಮೈಕ್ರೋಲೀಟರಿಗೆ 3000ಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಆಗುವವರೆಗೆ ಅವನ್ನು ತಡೆಯುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಜೀವಂತದ್ದಲ್ಲ, ಅದನ್ನು ನಿಲ್ಲಿಸಬೇಕಿಲ್ಲ. ಈ ಪ್ಯಾರಾ ಓದಿ ಲಸಿಕೆಯನ್ನೇ ಬಿಡುವವರು ಇದ್ದಾರೆಂಬ ಭಯದಿಂದ ಇನ್ನೊಮ್ಮೆ ಹೇಳುತ್ತೇವೆ: ಮನೆಯಲ್ಲಿ ಇಂಥ ಸಾವು ಆಗದಿದ್ದರೆ ಎಲ್ಲ ಲಸಿಕೆಯೂ ಹೊತ್ತಿಗೆ ಸರಿಯಾಗಿ ಆಗಬೇಕು.

ತಾಯಿಯ ಕಡೆ ರಕ್ತ ನಿಲ್ಲದ ಕಾಯಿಲೆ ಇದ್ದು ಗಂಡುಮಗು ಹುಟ್ಟಿದರೆ ವಿಟಮಿನ್ ಕೆ ಇಂಜೆಕ್ಷನ್‌ಗೆ ಮೊದಲೇ ಹೇಳಬೇಕು. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಫ್ಯಾಕ್ಟರ್ 8 ಅನ್ನು ಹೊಕ್ಕುಳಬಳ್ಳಿಯ ರಕ್ತದಲ್ಲೇ ನೋಡಬಹುದು. ಫ್ಯಾಕ್ಟರ್ 9 ಎಲ್ಲ ಹಸುಗೂಸುಗಳಲ್ಲೂ ಕಡಿಮೆಯೇ ಇರುವುದರಿಂದ ಆರು ತಿಂಗಳಿಗೆ ಮತ್ತೆ ನೋಡಬೇಕಾಗುತ್ತದೆ. ಫಲಿತಾಂಶ ಬರುವ ತನಕ ಲಸಿಕೆಗೆ ಅತಿ ಸಣ್ಣ ಸೂಜಿ, ಚುಚ್ಚಿದ ಜಾಗವನ್ನು ತಿಕ್ಕದೆ ಹತ್ತು ನಿಮಿಷ ಒತ್ತಿ ಹಿಡಿಯುವುದು. ಕಿವಿ ಚುಚ್ಚುವುದು, ಸುನ್ನತಿ ಮುಂದಕ್ಕೆ ಹೋಗಲಿ.

ಅಣ್ಣನಿಗೋ ಅಕ್ಕನಿಗೋ ಕಾಮಾಲೆಗೆ ನೀಲಿ ಬೆಳಕಿನಲ್ಲಿಟ್ಟಿದ್ದರೆ ಈ ಕೂಸನ್ನು ಎರಡೇ ದಿನಕ್ಕೆ ಮನೆಗೆ ಒಯ್ಯುವ ಆತುರ ಬೇಡ. ಜಿ6ಪಿಡಿ ಪರೀಕ್ಷೆ ಮಾಡಿಸಿ. ರಕ್ತಕಣ ಜೋರಾಗಿ ಒಡೆಯುತ್ತಿರುವಾಗ ಮಾಡಿದರೆ ಅದು ಸುಳ್ಳೇ ಸರಿಯೆಂದು ಬರಬಹುದು, ಎರಡು ಮೂರು ತಿಂಗಳ ನಂತರ ಮತ್ತೆ ಮಾಡಿಸಬೇಕು. ಟ್ರಂಕಿನಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟ ಹಳೇ ದುಪಟಿ, ಕುಲಾವಿಗಳನ್ನು ಒಗೆಯದೆ ಇಂಥ ಕೂಸಿಗೆ ಹಾಕಲೇಬೇಡಿ. ಆ ವಾಸನೆಯೇ ರಕ್ತಕಣ ಒಡೆಯಲು ಸಾಕು.

ಕಿವಿ, ಕಣ್ಣು, ಸೊಂಟ. ಬಾಲ್ಯದಿಂದ ಕಿವುಡಾದವರು ಹತ್ತಿರದ ರಕ್ತಸಂಬಂಧದಲ್ಲಿದ್ದರೆ ಹುಟ್ಟಿದಾಗಿನ ಪರೀಕ್ಷೆ ಪಾಸಾದರೂ ಒಂಬತ್ತು ತಿಂಗಳೊಳಗೆ ಇನ್ನೊಮ್ಮೆ ನೋಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಲ್ಲ ಅನುಕೂಲವಿದೆ. ತಾಯಿಯ ಕಡೆ "ಇಂಜೆಕ್ಷನ್ ಹಾಕಿಸಿದ ಮೇಲೆ ಕಿವಿ ಹೋಯ್ತು" ಎಂಬ ಮಾತಿದ್ದರೆ ಕೂಸಿಗೆ ಜೆಂಟಾಮೈಸಿನ್, ಅಮಿಕಾಸಿನ್ ಕೊಡುವ ಮೊದಲು ವೈದ್ಯರಿಗೆ ತಿಳಿಸಿ. ತಾಯಿಯಿಂದ ಎಲ್ಲ ಮಕ್ಕಳಿಗೂ ಇಳಿಯುವ ಒಂದು ಬಗೆಯ ದೋಷದಲ್ಲಿ ಈ ಔಷಧಿಗಳು ಕೇಳುವಿಕೆಯನ್ನೇ ತೆಗೆಯುತ್ತವೆ. ತಂದೆಗೋ ತಾಯಿಗೋ ಬಾಲ್ಯದಲ್ಲಿ ಗಡ್ಡೆಗಾಗಿ ಕಣ್ಣು ತೆಗೆಸಿದ್ದರೆ ಕೂಸಿನ ಕಣ್ಣಿನ ಪರದೆಯ ಪರೀಕ್ಷೆ ಮೊದಲ ವಾರಗಳಲ್ಲೇ. ಸೊಂಟದ ಕೀಲು ಜಾರಿದವರು ಮನೆಯಲ್ಲಿದ್ದರೆ ಆರು ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್, ಕಾಲು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತುವ ಪದ್ಧತಿಗೆ ವಿದಾಯ.

ರಕ್ತಹೀನತೆ ವಾಸಿಯಾಗದಾಗ. ಒಂದು ವರದಿಯನ್ನು ಹತ್ತಿರದಿಂದ ನೋಡೋಣ. ಎರಡು ವರ್ಷದ ಮಗು, ಹಿಮೋಗ್ಲೋಬಿನ್ 10.4, ಎಂಸಿವಿ 62, ಕೆಂಪುಕಣ 5.6 ಮಿಲಿಯನ್. ಎಂಸಿವಿಯನ್ನು ಕೆಂಪುಕಣದಿಂದ ಭಾಗಿಸಿ: 62 ÷ 5.6 ಅಂದರೆ ಸುಮಾರು 11. ಇದು 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ವಾಹಕತ್ವದ ಕಡೆ ಬೆರಳು, ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆ. ಕಬ್ಬಿಣದ ಕೊರತೆಯಲ್ಲಿ ಕಣ ಚಿಕ್ಕದೂ ಹೌದು, ಸಂಖ್ಯೆಯಲ್ಲೂ ಕಡಿಮೆ. ವಾಹಕರಲ್ಲಿ ಕಣ ಚಿಕ್ಕದು, ಸಂಖ್ಯೆ ಮಾತ್ರ ಧಾರಾಳ. ಇದೇನೂ ಕೊನೆಯ ತೀರ್ಪಲ್ಲ, ಆದರೆ ಮನೆಯಲ್ಲಿ ತಂದೆ ತಾಯಿಯ ಹಳೆಯ ಸಿಬಿಸಿ ತೆಗೆದು ನೋಡಲು ಇಷ್ಟು ಸಾಕು. ಅಲ್ಲೂ ಎಂಸಿವಿ 65ರ ಆಸುಪಾಸಿದ್ದರೆ ಮಗುವಿಗೆ ಮೂರನೇ ಬಾಟಲಿ ಕಬ್ಬಿಣದ ಸಿರಪ್ ಬದಲು ಎಚ್‌ಪಿಎಲ್‌ಸಿ ಬರೆಸಿಕೊಳ್ಳಿ. ಕಳೆದ ಮೂರು ತಿಂಗಳಲ್ಲಿ ಮಗುವಿಗೆ ರಕ್ತ ಕೊಟ್ಟಿದ್ದರೆ ಈ ಪರೀಕ್ಷೆ ನೆಚ್ಚುವಂತಿಲ್ಲ, ದಾನಿಯ ರಕ್ತವೂ ಸೇರಿ ಬರುತ್ತದೆ. ಕಬ್ಬಿಣ ತೀರಾ ಕಡಿಮೆ ಇದ್ದರೆ ಎಚ್‌ಬಿಎ2 ಸುಳ್ಳೇ ಇಳಿದಿರುತ್ತದೆ. ವಾಹಕತ್ವ ಕಾಯಿಲೆಯಲ್ಲ, ಔಷಧಿಯೂ ಬೇಕಿಲ್ಲ. ಮದುವೆಯ ವಯಸ್ಸಿಗೆ ಆ ಹಾಳೆ ಕೈಗೆ ಸಿಗಬೇಕು, ಅಷ್ಟೇ.

ಬೆಳವಣಿಗೆ. ಮಗು ಕುಳ್ಳಗಿದೆ ಎಂದು ಟಾನಿಕ್ ಹುಡುಕುವ ಮುಂಚೆ ತಂದೆ ತಾಯಿಯ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ, ಬಾಯಿಮಾತಿನ ಎತ್ತರ ಬೇಡ. ಇಬ್ಬರ ಎತ್ತರ ಕೂಡಿಸಿ, ಗಂಡುಮಗುವಾದರೆ 13 ಸೆಂಟಿಮೀಟರ್ ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿ. ಅಪ್ಪ 168, ಅಮ್ಮ 154 ಆದರೆ ಮಗ ಸುಮಾರು 167.5, ಮಗಳು 154.5. ಎಂಟು ಸೆಂಟಿಮೀಟರ್ ಆಚೀಚೆ ಸಹಜ. ಅಪ್ಪನೂ ಪಿಯುಸಿಗೆ ಬಂದ ಮೇಲೆ ಒಮ್ಮೆಲೇ ಎತ್ತರವಾದವನು, ಅಮ್ಮನೂ ತಡವಾಗಿ ದೊಡ್ಡವಳಾದವಳು ಎಂದಿದ್ದರೆ ಹೇಳಿ, ಕಾಯುವ ಧೈರ್ಯ ವೈದ್ಯರಿಗೂ ಬರುತ್ತದೆ. ಕೂಸಿನ ತಲೆ ದೊಡ್ಡದೆಂದು ಎಂಆರ್‌ಐ ಮಾತು ಬಂದರೆ ಅಪ್ಪನ ತಲೆಗೂ ಟೇಪು ಸುತ್ತಿ ನೋಡಲು ಕೇಳಿ. ಕೂಸು ಚೆನ್ನಾಗಿ ಆಡಿಕೊಂಡಿದ್ದು, ಅಪ್ಪನದೂ ಬುರುಡೆ ದೊಡ್ಡದಿದ್ದರೆ ಬಹಳ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ.

ಶಾಲೆ, ಆಟ. ಗಂಡಸರಲ್ಲಿ 55ರೊಳಗೆ, ಹೆಂಗಸರಲ್ಲಿ 65ರೊಳಗೆ ಹೃದಯಾಘಾತವಾದವರು ತಂದೆ, ತಾಯಿ, ಅಜ್ಜ, ಅಜ್ಜಿ, ಅವರ ಒಡಹುಟ್ಟಿದವರಲ್ಲಿದ್ದರೆ ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ಕೊಲೆಸ್ಟ್ರಾಲ್ ಪರೀಕ್ಷೆ. ಅಂಥ ಮನೆತನದ ಮಗುವಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 160 ದಾಟಿದರೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಿ ವಂಶಪಾರಂಪರ್ಯದ್ದೇ ಎಂದು ವಿಚಾರಿಸಬೇಕು. ಅದು ಎಣ್ಣೆ ತುಪ್ಪ ಬಿಟ್ಟ ಮಾತ್ರಕ್ಕೆ ಇಳಿಯುವಂಥದ್ದಲ್ಲ. ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದು ಅಥವಾ ಬಸಿರಿನಲ್ಲಿ ಸಕ್ಕರೆ ಏರಿದ್ದು ಮಗುವೂ ದಪ್ಪಗಿದ್ದರೆ ಹತ್ತು ವರ್ಷದಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ನೋಡಿಸಿ.

ಹಠಾತ್ ಸಾವು ಕಂಡ ಮನೆಯ ಮಗು ಓಡುವಾಗ, ಈಜುವಾಗ, ಅಲಾರಾಂ ಸದ್ದಿಗೆ ಬೆಚ್ಚಿದಾಗ ಎಚ್ಚರ ತಪ್ಪಿದರೆ "ಬಿಸಿಲಿಗೆ ತಲೆಸುತ್ತು" ಎಂದು ಬಿಡಬೇಡಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಬೇಕು. ಹುಟ್ಟು ಕಿವುಡು ಮಗುವಿಗೆ ಹೀಗಾದರಂತೂ ಅವತ್ತೇ. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಮನೆತನದಲ್ಲಿದ್ದರೆ ಒಮ್ಮೆ ಎಕೋ ಸರಿಯಿದ್ದದ್ದು ಶಾಶ್ವತ ಸರ್ಟಿಫಿಕೇಟ್ ಅಲ್ಲ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು, ಆ ವಯಸ್ಸು ದಾಟುವವರೆಗೂ ಒಂದೆರಡು ವರ್ಷಕ್ಕೊಮ್ಮೆ, ಆಮೇಲೂ ಆಗಾಗ ನೋಡುತ್ತಿರಬೇಕು.

ಆಪರೇಷನ್. ಟಾನ್ಸಿಲ್, ಹರ್ನಿಯಾದಂಥ ಚಿಕ್ಕದಕ್ಕೂ ಅರಿವಳಿಕೆ ವೈದ್ಯರು ಹಿಂದಿನ ದಿನ ಮಾತಾಡಿಸುತ್ತಾರೆ. ಹೇಳಬೇಕಾದ್ದು ಎರಡು. ಮನೆತನದಲ್ಲಿ ಯಾರಿಗಾದರೂ ಆಪರೇಷನ್ ವೇಳೆ ವಿಪರೀತ ಜ್ವರ ಏರಿ ಸಾವು ಅಥವಾ ಐಸಿಯು ಆಗಿತ್ತೇ? ಸಣ್ಣ ಆಪರೇಷನ್ ಮುಗಿದ ಮೇಲೂ ಉಸಿರು ಬಾರದೆ ಗಂಟೆಗಟ್ಟಲೆ ವೆಂಟಿಲೇಟರ್ ಹಾಕಿದ್ದರೇ? ಎರಡನೆಯದು ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಎಂಬ ಔಷಧಿಯನ್ನು ಒಡೆಯುವ ಕಿಣ್ವದ ಕೊರತೆಯಿಂದ ಆಗುವಂಥದ್ದು. ಆರ್ಯವೈಶ್ಯ ಸಮುದಾಯದಲ್ಲಿ ಇದು ಹೆಚ್ಚೆಂದು ಅರಿವಳಿಕೆ ವೈದ್ಯರಿಗೆಲ್ಲ ಗೊತ್ತು. ಸ್ಯೂಡೋಕೋಲಿನೆಸ್ಟರೇಸ್ ಎಂಬ ಒಂದು ರಕ್ತಪರೀಕ್ಷೆ ಸಾಕು, ಬೇರೆ ಔಷಧಿ ಬಳಸುತ್ತಾರೆ.

ಮಾಡಬಾರದ ಕೆಲವು

ಅಪ್ಪನಿಗೆ ಪೆನ್ಸಿಲಿನ್ ಅಲರ್ಜಿ ಎಂದು ಮಗನಿಗೆ ಕೊಡದೆ ಇರುವುದು ತಪ್ಪು, ಔಷಧಿ ಅಲರ್ಜಿ ಹಾಗೆ ಇಳಿಯುವುದಿಲ್ಲ. ಆಸ್ತಮಾ, ಇಸುಬಿನ ಮನೆತನವೆಂದು ಕೂಸಿಗೆ ಮೊಟ್ಟೆ, ಕಡಲೆಕಾಯಿಯನ್ನು ವರ್ಷಗಟ್ಟಲೆ ದೂರವಿಡುವುದೂ ಹಳೆಯ ಸಲಹೆ. ತಡಮಾಡಿದರೆ ಅಲರ್ಜಿ ಕಡಿಮೆಯಾಗದು. ಇಡೀ ಕಡಲೆಕಾಯಿ ಮಾತ್ರ ಬೇಡ, ಗಂಟಲಿಗೆ ಸಿಕ್ಕೀತು, ನುಣ್ಣಗೆ ಅರೆದು ಕೊಡಿ. ಅಜ್ಜಿಗೆ ಸ್ತನ ಕ್ಯಾನ್ಸರ್ ಇತ್ತೆಂದು ಆರು ವರ್ಷದ ಮೊಮ್ಮಗಳ ಜೀನ್ ಪರೀಕ್ಷೆ ಬೇಡ. ದೊಡ್ಡವರಾದ ಮೇಲೆ ಬರುವ, ಈಗ ಏನೂ ಮಾಡಲಾಗದ ಕಾಯಿಲೆಯನ್ನು ಮಗುವಿನಲ್ಲಿ ಹುಡುಕುವುದಿಲ್ಲ, ಅದು ಅವಳೇ ದೊಡ್ಡವಳಾಗಿ ತೀರ್ಮಾನಿಸಬೇಕಾದ್ದು.

ವಂಶದ್ದಲ್ಲದ್ದೂ ಹಾಳೆಯಲ್ಲಿರಲಿ. ಮನೆಯಲ್ಲಿ ಟಿಬಿ ಮಾತ್ರೆ ನುಂಗುವವರಿದ್ದರೆ ಐದು ವರ್ಷದೊಳಗಿನ ಮಗುವಿಗೆ ತಡೆ ಔಷಧಿ ಸರ್ಕಾರದಿಂದಲೇ ಸಿಗುತ್ತದೆ. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಹುಟ್ಟಿದ 12 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೋಗ್ಲೋಬ್ಯುಲಿನ್ ಎರಡೂ ಬೀಳಬೇಕು.

ಹೆಜ್ಜೆ 6: ಮುಂದೆ ಎಲ್ಲಿಗೆ

ಶಾಲೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡಕ್ಕೆ ಈ ಹಾಳೆ ತೋರಿಸಿದರೆ ಅವರು ಜಿಲ್ಲಾಸ್ಪತ್ರೆಯ ಡಿಇಐಸಿ ಎಂಬ ಮಕ್ಕಳ ಕೇಂದ್ರಕ್ಕೆ ಕಳಿಸುತ್ತಾರೆ. ಹದಿನೆಂಟರವರೆಗೂ ಅದು ಉಚಿತ. ವಂಶವಾಹಿ ತಜ್ಞರು ಬೇಕೆಂದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ವಂಶವಾಹಿ ಕೇಂದ್ರ, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು, ನರದ ಕಾಯಿಲೆಗಳಿಗೆ ನಿಮ್ಹಾನ್ಸ್. ಹಿಮೋಫಿಲಿಯಾಕ್ಕೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ.

ಜೀನ್ ಪರೀಕ್ಷೆಯನ್ನು ಕಾಯಿಲೆ ಇರುವವರಿಂದ ಶುರುಮಾಡಬೇಕು, ಆರೋಗ್ಯವಾಗಿರುವವರಿಂದಲ್ಲ. ಕಾಯಿಲೆ ಇರುವವರಲ್ಲಿ ದೋಷ ಯಾವುದೆಂದು ತಿಳಿದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಖರ್ಚೂ ಕಡಿಮೆ, ಉತ್ತರವೂ ಖಚಿತ. ಹೇಳಲು ಕಷ್ಟವಾದ ಮಾತೊಂದಿದೆ: ಕಾರಣ ತಿಳಿಯದ ಕಾಯಿಲೆಯಲ್ಲಿ ಕೂಸು ಉಳಿಯುವುದಿಲ್ಲ ಎಂದಾದಾಗ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು ಡಿಎನ್‌ಎ ಇಡುವಂತೆ ವೈದ್ಯರನ್ನು ಕೇಳಿ. ಮುಂದಿನ ಬಸಿರಿಗೆ ದಾರಿ ತೋರುವ ವಸ್ತು ಆಮೇಲೆ ಬೇರೆ ಯಾವುದೂ ಉಳಿದಿರುವುದಿಲ್ಲ.

ತುಂಬಿದ ಹಾಳೆ ಹೀಗಿರಬಹುದು

ಮಗು: ಗಂಡು, 4 ವರ್ಷ. 38 ವಾರಕ್ಕೆ ಹುಟ್ಟಿದ್ದು, 2.8 ಕೆಜಿ. 3ನೇ ದಿನ ಕಾಮಾಲೆ, 2 ದಿನ ನೀಲಿ ಬೆಳಕು. ಜಿ6ಪಿಡಿ ಮಾಡಿಸಿಲ್ಲ.
ಸಂಬಂಧ: ತಾಯಿ, ತಂದೆಯ ಒಡಹುಟ್ಟಿದ ಅಕ್ಕನ ಮಗಳು.
ತಂದೆ: 36, ಎತ್ತರ 168. ಎಲ್‌ಡಿಎಲ್ 178, ಮಾತ್ರೆ ಇಲ್ಲ. ಎಚ್‌ಪಿಎಲ್‌ಸಿ ಆಗಿಲ್ಲ.
ತಾಯಿ: 26, ಎತ್ತರ 154. ಎಂಸಿವಿ 66, ಎಚ್‌ಬಿಎ2 5.1. ಥಲಸ್ಸೇಮಿಯಾ ವಾಹಕಿ.
ತಂದೆಯ ತಂದೆ: 49ಕ್ಕೆ ಹೃದಯಾಘಾತ, 52ಕ್ಕೆ ನಿಧನ. ಬೀಡಿ.
ತಂದೆಯ ಅಕ್ಕ, ತಾಯಿಯ ತಾಯಿಯೂ ಇವರೇ: 47, ಥೈರಾಯ್ಡ್ ಮಾತ್ರೆ, ಎರಡು ಗರ್ಭಪಾತ.
ತಾಯಿಯ ಒಡಹುಟ್ಟಿದ ಅಣ್ಣ: 9 ವರ್ಷಕ್ಕೆ ನಿಧನ. "ಫಿಟ್ಸ್" ಅನ್ನುತ್ತಾರೆ. ಜ್ವರ ಇರಲಿಲ್ಲ, ಆಟದ ಬಯಲಿನಲ್ಲಿ ಓಡುವಾಗ ಬಿದ್ದದ್ದು. ಕಾಗದ ಪತ್ರ ಏನೂ ಇಲ್ಲ.

ಈ ಏಳು ನಮೂದಿನಿಂದ ವೈದ್ಯರು ಐದು ಕೆಲಸ ತೆಗೆಯುತ್ತಾರೆ: ಇನ್ನೊಂದು ಬಸಿರಿಗೆ ಮುಂಚೆ ತಂದೆಯ ಎಚ್‌ಪಿಎಲ್‌ಸಿ, ಮಗುವಿನ ಸಿಬಿಸಿ, ಮಗುವಿನ ಕೊಲೆಸ್ಟ್ರಾಲ್, ಜಿ6ಪಿಡಿ, ಜೊತೆಗೆ ಮಗುವಿಗೂ ತಾಯಿಗೂ ಇಸಿಜಿ. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಬಾಕಿ ಇದೆ: "ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಜ್ಜಿಯನ್ನು ಕೇಳಬೇಕು. ಅವನು ಬಿದ್ದಾಗ ಮೊದಲು ಕೈಕಾಲು ಸೆಟೆಯಿತೋ, ಬಿಳಿಚಿಕೊಂಡು ಸುಮ್ಮನೆ ಕುಸಿದನೋ?"